ಹಡಗಿಗೆ ನೀರು, ತರಕಾರಿ ಕೊಡುವ ಊರು

ದೋಹಾದಲ್ಲಿ ನಾನು ಮಾಡುವ ಕೆಲಸ ಏನೆಂದು ಊರಿನವರಿಗೆ ವಿವರಿಸಲು ಇಷ್ಟು ವರ್ಷವಾದರೂ ನನಗೆ ಆಗಿಲ್ಲ. ಮೂಲ್ಕಿಯಲ್ಲಿರುವ ನನ್ನ ಚಿಕ್ಕಮ್ಮ ಎಲ್ಲರ ಹತ್ತಿರವೂ "ಅವನಿಗೆ ಕತಾರಿನಲ್ಲಿ ಹಡಗಿನ ಕೆಲಸ" ಎಂದು ಹೇಳುತ್ತಾರೆ. ಕೇಳಿದವರು ನಾನು ಬಿಳಿ ಸಮವಸ್ತ್ರ ಹಾಕಿ ಸಮುದ್ರದ ಮೇಲೆ ಓಡಾಡುತ್ತೇನೆ ಎಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ನಾನು ಹಡಗಿನಲ್ಲಿ ಒಂದು ದಿನವೂ ಪ್ರಯಾಣ ಮಾಡಿದವನಲ್ಲ. ಬಂದರಿಗೆ ಬರುವ ಹಡಗುಗಳಿಗೆ ಅಕ್ಕಿ, ತರಕಾರಿ, ಮಾಂಸ, ಕುಡಿಯುವ ನೀರು, ಸಾಬೂನು, ಹಗ್ಗ, ಬಲ್ಬು ಎಲ್ಲವನ್ನೂ ಒದಗಿಸುವ ಒಂದು ಕಂಪನಿಯಲ್ಲಿ ನಾನು ಖರೀದಿ ನೋಡಿಕೊಳ್ಳುವವನು. ಬೆಳಿಗ್ಗೆ ಸಗಟು ಮಾರುಕಟ್ಟೆಯಲ್ಲಿ ಎಲೆಕೋಸು ಒತ್ತಿ ನೋಡುತ್ತೇನೆ, ಮಧ್ಯಾಹ್ನ ಕಂಪ್ಯೂಟರ್ ಮುಂದೆ ಕುಳಿತು ಪಟ್ಟಿ ಮಾಡುತ್ತೇನೆ.

ಹಡಗಿನ ತರಕಾರಿ ಮನೆಯ ತರಕಾರಿಯಂತಲ್ಲ. ಟೊಮೆಟೊ ಅರ್ಧ ಹಸಿರಾಗಿರಬೇಕು. ಎಲೆಕೋಸಿನ ಹೊರಗಿನ ಎಲೆಗಳನ್ನು ಕೀಳಬಾರದು. ಆಲೂಗಡ್ಡೆಯ ಮಣ್ಣು ತೊಳೆಯಬಾರದು. ಬಾಳೆಹಣ್ಣಿನ ಪೆಟ್ಟಿಗೆಯನ್ನು ಸೇಬಿನ ಪಕ್ಕ ಇಡಬಾರದು, ಇಟ್ಟರೆ ಮೂರೇ ದಿನದಲ್ಲಿ ಕೊಳೆಯುತ್ತದೆ. ಇದನ್ನೆಲ್ಲ ನಾನು ಯಾವ ಕಾಲೇಜಿನಲ್ಲೂ ಕಲಿಯಲಿಲ್ಲ. ಮೊದಲ ವರ್ಷ ಒಬ್ಬ ಫಿಲಿಪೀನ್ಸಿನ ಹಡಗಿನ ಅಡುಗೆಯವನು ನಾನು ಕಳಿಸಿದ ಕೆಂಪು ಕೆಂಪು ಟೊಮೆಟೊ ಪೆಟ್ಟಿಗೆಯನ್ನು ನನ್ನ ಕಣ್ಣೆದುರೇ ವಾಪಸು ಇಳಿಸಿದಾಗ ಕಲಿತದ್ದು.

ನನ್ನ ಮಗಳಿಗೂ ಈ ಕೆಲಸದ ಬಗ್ಗೆ ಅಂಥ ಗೌರವವೇನೂ ಇರಲಿಲ್ಲ. ಅವಳ ಗೆಳತಿಯರ ಅಪ್ಪಂದಿರು ಗ್ಯಾಸ್ ಕಂಪನಿಯಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಇದ್ದರು. ಕೊರೊನಾ ವರ್ಷ ಅವಳು ಎಂಟನೆಯ ತರಗತಿ. ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯ ನಮ್ಮ ಫ್ಲಾಟಿನ ಊಟದ ಮೇಜೇ ಅವಳ ಶಾಲೆಯಾಗಿತ್ತು. ಒಂದು ದಿನ ಅವಳ ಟೀಚರು ಎಲ್ಲರಿಗೂ ಒಂದು ಪ್ರಾಜೆಕ್ಟ್ ಕೊಟ್ಟರು. ಯುರೋಪಿನ ವ್ಯಾಪಾರಿಗಳು ವಶಮಾಡಿಕೊಂಡ ಒಂದೊಂದು ಬಂದರನ್ನು ಒಬ್ಬೊಬ್ಬರಿಗೆ ಹಂಚಿ, ಅದು ಅವರಿಗೆ ಯಾಕೆ ಬೇಕಾಗಿತ್ತು ಎಂದು ಬರೆಯಬೇಕು ಎಂದರು. ಟೀಚರು ಪರದೆಯಲ್ಲೇ ಚೀಟಿ ಎತ್ತಿದಾಗ ಗೆಳತಿಯರಿಗೆ ಗೋವಾ, ಕೊಚ್ಚಿ ಸಿಕ್ಕಿತು. ಇವಳಿಗೆ ಸಿಕ್ಕಿದ್ದು ಆಫ್ರಿಕಾದ ತುದಿಯಲ್ಲಿರುವ ಕೇಪ್, ಈಗಿನ ಕೇಪ್ ಟೌನ್.

ನನ್ನದು ತುಳು, ಹೆಂಡತಿಯದು ಕೊಂಕಣಿ. ಹಾಗಾಗಿ ನಮ್ಮ ಮನೆಯೊಳಗಿನ ಮಾತು ಕನ್ನಡ. ಮಗಳ ಕನ್ನಡದಲ್ಲಿ ಅರ್ಧಕ್ಕರ್ಧ ಇಂಗ್ಲಿಷು.

"ಪಪ್ಪ, ಅಲ್ಲಿ ಎಂತ ಇತ್ತು ಇವರಿಗೆ?" ಎಂದು ಕೇಳಿದಳು. "ಗೋಲ್ಡ್ ಇಲ್ಲ, ಸ್ಪೈಸಸ್ ಇಲ್ಲ. ಮತ್ತೆ ಡಚ್ಚರು ಯಾಕೆ ಹೋಗಿ ಕೂತದ್ದು?"

"ನೀರು ಇತ್ತಲ್ಲ," ಎಂದೆ.

"ನೀರಾ? ಅಷ್ಟೇಯಾ?"

ನಾನು ಬ್ಯಾಗಿನಿಂದ ಆ ವಾರದ ಒಂದು ಹಡಗಿನ ಪಟ್ಟಿ ತೆಗೆದು ಅವಳ ಮುಂದಿಟ್ಟೆ. ಇಪ್ಪತ್ತೆರಡು ಜನಕ್ಕೆ ಒಂದು ತಿಂಗಳಿಗೆ ಎಷ್ಟು ಈರುಳ್ಳಿ, ಎಷ್ಟು ಕೋಳಿ, ಎಷ್ಟು ಲಿಂಬೆ, ಎಷ್ಟು ಲೀಟರ್ ನೀರು ಎಂದು ಓದಿ ತೋರಿಸಿದೆ. "ಇದು ಈಗ. ಫ್ರೀಜರ್ ಉಂಟು, ಇಂಜಿನ್ ಉಂಟು. ಆಗ ಗಾಳಿಯಲ್ಲಿ ಹೋಗುವ ಹಡಗು. ಹಾಲೆಂಡಿನಿಂದ ನಮ್ಮ ಕಡೆಗೆ ಬರ್ಲಿಕ್ಕೆ ಆರೇಳು ತಿಂಗಳು. ಒಂದೊಂದರಲ್ಲಿ ನೂರಾರು ಜನ. ಪೀಪಾಯಿಯ ನೀರು ಹಸಿರಾಗಿ ವಾಸನೆ ಬರ್ತದೆ. ತರಕಾರಿ ಇಲ್ಲದೆ ಒಸಡಿನಿಂದ ರಕ್ತ ಬರ್ತದೆ, ಹಲ್ಲು ಅಲುಗಾಡ್ತದೆ, ಆಮೇಲೆ ಜನ ಸಾಯ್ತಾರೆ. ಅರ್ಧ ದಾರಿಯಲ್ಲಿ ಬೆಟ್ಟದಿಂದ ಸಿಹಿನೀರು ಇಳಿಯುವ ಒಂದು ಜಾಗ ಸಿಕ್ಕಿದ್ರೆ ಬಿಡ್ತಾರಾ?"

ಅವಳು ಪಟ್ಟಿಯನ್ನು ಮತ್ತೊಮ್ಮೆ ನೋಡಿದಳು. "ಅಂದ್ರೆ ಅವರು ಪಪ್ಪನ ಜಾಬ್ ಮಾಡ್ಲಿಕ್ಕೆ ಹೋದದ್ದು."

ಅಡುಗೆಮನೆಯಿಂದ ಹೆಂಡತಿ ನಕ್ಕದ್ದು ಕೇಳಿತು. ನನಗೆ ಒಳಗೊಳಗೇ ಸಂತೋಷವಾಯಿತು. ಮಗಳು ಅರ್ಧ ಗಂಟೆಯಲ್ಲಿ ಒಂದು ಪುಟ ಬರೆದಳು. ನೀರು, ಸೊಪ್ಪು, ಮಾಂಸ, ಕಾಯಿಲೆಯವರನ್ನು ಇಳಿಸಲು ಆಸ್ಪತ್ರೆ, ಹಡಗು ರಿಪೇರಿಗೆ ಜಾಗ, ಇಂಗ್ಲಿಷರು ಅಲ್ಲಿ ನೆಲೆಯೂರದ ಹಾಗೆ ತಡೆಯುವುದು. ಎಲ್ಲವೂ ಸರಿಯಾಗಿಯೇ ಇತ್ತು. ಕಳಿಸಲು ಇನ್ನೂ ಮೂರು ವಾರ ಇದ್ದುದರಿಂದ ಬಣ್ಣದ ನಕಾಶೆ ಬರೆಯುತ್ತೇನೆ ಎಂದು ಇಟ್ಟುಕೊಂಡಳು.

ಆ ಮೂರು ವಾರಗಳಲ್ಲಿಯೇ ಜಲ್ಲಿಕಲ್ಲಿನ ಹಡಗಿನ ಕೆಲಸ ಬಂದದ್ದು.

ಆ ಹಡಗು ಕಟ್ಟಡದ ಕಲ್ಲು ತುಂಬಿಕೊಂಡು ಬಂದಿತ್ತು. ಬಂದರಿಗೆ ಬರುವ ಮೊದಲೇ ಒಬ್ಬ ನಾವಿಕನಿಗೆ ಜ್ವರ ಬಂತು, ಪರೀಕ್ಷೆಯಲ್ಲಿ ಕೊರೊನಾ ಎಂದಾಯಿತು. ದಡಕ್ಕೆ ಬರುವ ಸರದಿ ತಪ್ಪಿಹೋಯಿತು. ದೂರದಲ್ಲಿ ಲಂಗರು ಹಾಕಿ ಕಾಯಿರಿ ಎಂದು ಹೇಳಿದರು. ಹಡಗಿನಲ್ಲಿ ಹತ್ತೊಂಬತ್ತು ಜನ. ಯಾರೂ ಇಳಿಯುವಂತಿಲ್ಲ, ಯಾರೂ ಹತ್ತುವಂತಿಲ್ಲ. ಸಣ್ಣ ಪ್ರಯಾಣ ಎಂದು ಅವರು ಸಾಮಾನು ಕಡಿಮೆ ಹಾಕಿಕೊಂಡಿದ್ದರು. ಎರಡು ವಾರ ಕಳೆಯುವಾಗ ಹಸಿ ತರಕಾರಿ ಮುಗಿಯಿತು. ನೀರಿನ ಕಥೆ ಇನ್ನೂ ಕಷ್ಟ. ಸಮುದ್ರದ ನೀರಿನಿಂದ ಸಿಹಿನೀರು ಮಾಡುವ ಯಂತ್ರ ಅವರಲ್ಲಿತ್ತು, ಆದರೆ ಅದು ನಡೆಯುವುದು ಹಡಗಿನ ದೊಡ್ಡ ಇಂಜಿನಿನ ಬಿಸಿಯಿಂದ. ಲಂಗರು ಹಾಕಿ ನಿಂತ ಹಡಗಿನ ದೊಡ್ಡ ಇಂಜಿನ್ ಬಂದಾಗಿರುತ್ತದೆ. ಹೀಗಾಗಿ ನಡುಬೇಸಿಗೆಯಲ್ಲಿ, ಸುತ್ತ ಸಮುದ್ರ ಇಟ್ಟುಕೊಂಡು, ಅವರು ಸ್ನಾನದ ನೀರನ್ನು ಬಕೆಟಿನಲ್ಲಿ ಅಳೆದು ಹಂಚಿಕೊಳ್ಳುತ್ತಿದ್ದರು.

ಇದೆಲ್ಲ ನನಗೆ ತಿಳಿದದ್ದು ಆ ಹಡಗಿನ ಅಡುಗೆಯವರಿಂದ. ಸಾಮಾನಿನ ಪಟ್ಟಿಗಾಗಿ ಅವರು ಫೋನ್ ಮಾಡಿದ್ದರು. ಮೊದಲು ಇಬ್ಬರೂ ಹಿಂದಿಯಲ್ಲಿ ಮಾತಾಡಿದೆವು. ಎರಡು ವಾಕ್ಯ ಆಗುವಷ್ಟರಲ್ಲಿ ಅವರು ನಿಲ್ಲಿಸಿ, "ನೀವು ಮಂಗ್ಳೂರು ಕಡೆಯವರಾ?" ಎಂದು ಕೇಳಿದರು.

"ಮೂಲ್ಕಿ."

"ಅಲ್ಹಮ್ದುಲಿಲ್ಲಾ. ನಾನು ಉಳ್ಳಾಲ ಮಾರಾಯ್ರೆ."

ಅಲ್ಲಿಂದ ಮುಂದೆ ನಮ್ಮ ಮಾತು ತುಳುವಿನಲ್ಲಿ, ನಡುನಡುವೆ ಕನ್ನಡದಲ್ಲಿ ನಡೆಯಿತು. ಅರವತ್ತು ದಾಟಿದ ಬ್ಯಾರಿ ಅವರು. ನಾಲ್ಕು ದಶಕ ಹಡಗಿನ ಅಡುಗೆಮನೆಯಲ್ಲಿ ಕಳೆದವರು. ನಾನು ಅವರನ್ನು ಕಾಕಾ ಎಂದು ಕರೆಯತೊಡಗಿದೆ. ಅವರು ದಿನಾ ಒಂದು ಧ್ವನಿಸಂದೇಶ ಕಳಿಸುತ್ತಿದ್ದರು. ದೂರು ಹೇಳುವ ಸ್ವಭಾವವಲ್ಲ. "ಇವತ್ತು ಈರುಳ್ಳಿ ಖಲಾಸ್. ನಾಳೆಯಿಂದ ಬೇಳೆಗೆ ಬೆಳ್ಳುಳ್ಳಿ ಒಗ್ಗರಣೆ ಮಾತ್ರ," ಎಂದು ಹವಾಮಾನ ಹೇಳಿದ ಹಾಗೆ ಹೇಳುತ್ತಿದ್ದರು. ಒಂದು ದಿನ ಮಾತ್ರ, "ಹುಡುಗರು ಮಾತಾಡುವುದು ಕಡಿಮೆ ಮಾಡಿದ್ದಾರೆ ಮಾರಾಯ್ರೆ. ತಟ್ಟೆ ನೋಡಿ ಎದ್ದು ಹೋಗ್ತಾರೆ. ಅದು ನಂಗೆ ಸರಿ ಕಾಣುವುದಿಲ್ಲ," ಎಂದರು.

ಆ ಸಂದೇಶವನ್ನು ನಾನು ನಮ್ಮ ಮ್ಯಾನೇಜರಿಗೆ ಅರ್ಥ ಹೇಳಿ ಕೇಳಿಸಿದೆ. ಆಕೆ ಕೇಪ್ ಟೌನಿನವರು. ಐವತ್ತರ ಆಸುಪಾಸಿನ, ಕೂದಲು ಗಿಡ್ಡ ಕತ್ತರಿಸಿದ, ಮಾತು ಕಡಿಮೆಯ ಹೆಂಗಸು. ಅವರು ನಮ್ಮ ಆಫೀಸಿಗೆ ಬಂದ ದಿನ, ಮುಖ ನೋಡಿ, ಮಂಗಳೂರಿನ ಕ್ರಿಶ್ಚಿಯನ್ನರಿರಬೇಕು ಎಂದುಕೊಂಡು ನಾನು ಕೊಂಕಣಿಯಲ್ಲಿ ಒಂದು ಮಾತು ಎಸೆದು ಪೆಚ್ಚಾಗಿದ್ದೆ. ಆಕೆ ಸಂದೇಶ ಕೇಳಿ ಫೋನ್ ಹಿಡಿದರು. ಆರು ದಿನ ಬಂದರಿನ ಆರೋಗ್ಯ ಕಚೇರಿ, ಹಡಗಿನ ಏಜೆಂಟು, ಕರಾವಳಿ ಕಾವಲಿನವರು ಎಂದು ಒಂದೊಂದು ಅನುಮತಿಗೂ ಬೆನ್ನು ಹತ್ತಿದರು. ಆರನೆಯ ದಿನ ಒಪ್ಪಿಗೆ ಸಿಕ್ಕಿತು. ಬೋಟು ಹಡಗಿನ ಪಕ್ಕ ನಿಲ್ಲಬಹುದು, ಸಾಮಾನನ್ನು ಹಡಗಿನ ಕ್ರೇನೇ ಬಲೆಯಲ್ಲಿ ಎತ್ತಿಕೊಳ್ಳಬೇಕು, ಮೇಲಿನಿಂದ ಒಂದು ಕಾಗದವೂ ಕೆಳಗೆ ಬರಕೂಡದು.

ಬೋಟಿನಲ್ಲಿ ಹೋಗುವ ನಮ್ಮ ಇಬ್ಬರು ಕೆಲಸಗಾರರು ಆ ವಾರ ತಮ್ಮ ಕಾರ್ಮಿಕರ ಕ್ಯಾಂಪಿನಲ್ಲಿ ಕ್ವಾರಂಟೈನ್ ಆಗಿದ್ದರು. "ನಾನು ಹೋಗ್ತೇನೆ. ನೀನು ಬರ್ತೀಯಾ?" ಎಂದು ಮ್ಯಾನೇಜರು ಇಂಗ್ಲಿಷಿನಲ್ಲಿ ಕೇಳಿದರು. ನಾನು ಹೂಂ ಎಂದೆ. ಮನೆಗೆ ಬಂದು ಹೇಳಿದಾಗ ಹೆಂಡತಿಗೆ ಇಷ್ಟವಾಗಲಿಲ್ಲ. "ಖರೀದಿಯವರು ಸಮುದ್ರಕ್ಕೆ ಯಾಕೆ ಹೋಗ್ಬೇಕು?" ಎಂದಳು. ಆಮೇಲೆ ತಾನೇ ಕೆಳಗಿನ ಅಂಗಡಿಗೆ ಹೋಗಿ ಎರಡು ದೊಡ್ಡ ಕಟ್ಟು ಕರಿಬೇವು ತಂದು, ಒದ್ದೆ ಬಟ್ಟೆ ಸುತ್ತಿ ಕೊಟ್ಟಳು. ಅದು ಪಟ್ಟಿಯಲ್ಲಿ ಇರಲಿಲ್ಲ.

ಬೇಸಿಗೆಯಲ್ಲಿ ಇಲ್ಲಿ ನಡುಮಧ್ಯಾಹ್ನದ ಬಿಸಿಲಲ್ಲಿ ಕೆಲಸ ಮಾಡುವಂತಿಲ್ಲ. ಆದ್ದರಿಂದ ಬೆಳಕು ಹರಿಯುವಾಗಲೇ ಹೊರಟೆವು. ಬೋಟು ನಡೆಸುವವನು ಮುಂದೆ, ನೀರಿನ ಪೆಟ್ಟಿಗೆಗಳ ನಡುವೆ ನಾವಿಬ್ಬರು. ಒಂದೂವರೆ ಗಂಟೆಯ ದಾರಿ. ಮಾಸ್ಕಿನ ಮೇಲೆ ಪ್ಲಾಸ್ಟಿಕ್ಕಿನ ಮುಖಪರದೆ, ಅದರ ಮೇಲೆ ಉಪ್ಪುನೀರಿನ ಹನಿ. ಮಾತಿಗೆ ಏನಾದರೂ ಬೇಕಲ್ಲ ಎಂದು ನಾನು ಮಗಳ ಪ್ರಾಜೆಕ್ಟಿನ ವಿಷಯ ತೆಗೆದೆ. ನಿಮ್ಮೂರಿನ ಬಗ್ಗೆಯೇ ಬರೆಯುತ್ತಿದ್ದಾಳೆ ಮೇಡಂ, ಡಚ್ಚರು ಅಲ್ಲಿಗೆ ಯಾಕೆ ಬಂದರು ಎಂದು.

"ಏನು ಬರೆದಿದ್ದಾಳೆ?"

"ನೀರು, ತರಕಾರಿ, ಮಾಂಸ. ನಮ್ಮ ಕಂಪನಿಯ ಕೆಲಸವೇ ಅಂತ ನಾನು ಹೇಳಿಕೊಟ್ಟೆ."

"ಸರಿಯಾಗಿದೆ," ಎಂದರು. "ನಮಗೂ ಶಾಲೆಯಲ್ಲಿ ಅದನ್ನೇ ಕಲಿಸಿದ್ದು. ತೋಟ ಮಾಡಲು ಬಂದರು. ಆ ತೋಟ ಈಗಲೂ ಊರ ನಡುವೆ ಇದೆ. ನಮ್ಮನ್ನು ಶಾಲೆಯಿಂದ ಕರೆದುಕೊಂಡು ಹೋಗಿ ತೋರಿಸಿದ್ದರು. ಅಳಿಲುಗಳಿಗೆ ಕಡಲೆ ಹಾಕಿ ವಾಪಸು ಬಂದೆವು."

ಆಮೇಲೆ ಮುಂದಿನದನ್ನೂ ಹೇಳಿದರು. ಹೇಳುವಾಗ ಅವರ ಧ್ವನಿಯಲ್ಲಿ ಏರಿಳಿತ ಇರಲಿಲ್ಲ, ಹಡಗಿನ ವರದಿ ಓದಿದ ಹಾಗೆಯೇ ಇತ್ತು. ಅಲ್ಲಿ ಮೊದಲೇ ದನ ಕುರಿ ಮೇಯಿಸುವ ಜನ ಇದ್ದರು. ಹೋಗಿ ಬರುವ ಹಡಗುಗಳಿಗೆ ಅವರು ಮೊದಲಿನಿಂದಲೂ ದನ ಕೊಟ್ಟು ತಾಮ್ರ, ಕಬ್ಬಿಣ, ಹೊಗೆಸೊಪ್ಪು ತೆಗೆದುಕೊಳ್ಳುತ್ತಿದ್ದರು. ಹಡಗುಗಳು ಬಂದು ಹೊರಟುಹೋಗುತ್ತಿದ್ದಷ್ಟು ಕಾಲ ಯಾರಿಗೂ ತೊಂದರೆ ಇರಲಿಲ್ಲ. ಡಚ್ ಕಂಪನಿ ಬಂದು ಕೋಟೆ ಕಟ್ಟಿ ಕುಳಿತ ಮೇಲೆ ಹಡಗುಗಳು ಹೆಚ್ಚಾದವು, ಬೇಕಾದ ಮಾಂಸ ಹೆಚ್ಚಾಯಿತು. ಕೇಳಿದಷ್ಟು ದನ ಕೊಡಲು ಆ ಜನ ಒಪ್ಪಲಿಲ್ಲ. ದನವೇ ಅವರ ಬದುಕು, ಎಲ್ಲ ಮಾರಿದರೆ ಉಳಿಯುವುದೇನು? ಆಗ ಕಂಪನಿ ತನ್ನ ಆಳುಗಳಿಗೆ ಬೇಸಾಯಕ್ಕೆ ಜಮೀನು ಹಂಚಿತು. ಜಮೀನು ಎಂದರೆ ಅವರು ದನ ಮೇಯಿಸುತ್ತಿದ್ದ ಹುಲ್ಲುಗಾವಲು. ಜಗಳವಾಯಿತು, ಯುದ್ಧವಾಯಿತು. ಕೊನೆಗೆ ಕಂಪನಿಯವರು ಕಾಡುಬಾದಾಮಿಯ ಗಿಡ ನೆಟ್ಟು ಉದ್ದಕ್ಕೆ ಬೇಲಿ ಮಾಡಿ, ಈಚೆಗೆ ಬರಬೇಡಿ ಎಂದರು.

"ಬೇಲಿಯ ತುಂಡು ಇನ್ನೂ ಬದುಕಿದೆ," ಎಂದರು. "ದೊಡ್ಡ ದೊಡ್ಡ ಗಿಡಗಳು. ಭಾನುವಾರ ಜನ ಅಲ್ಲಿ ಬುತ್ತಿ ಬಿಚ್ಚಿ ಕೂರುತ್ತಾರೆ."

"ತೋಟದ ಕೆಲಸ ಯಾರು ಮಾಡಿದರು ಮೇಡಂ?" ಎಂದು ಕೇಳಿದೆ. ಖರೀದಿಯವನಿಗೆ ಮೊದಲು ಹೊಳೆಯುವುದು ಅದೇ. ಅಷ್ಟು ತರಕಾರಿ ಬೆಳೆಯಲು ಆಳು ಬೇಕು.

ಆಕೆ ನನ್ನ ಕಡೆ ತಿರುಗಿದರು. "ಹಡಗಿನಲ್ಲಿ ತಂದರು. ಗುಲಾಮರನ್ನು. ನಮ್ಮ ಮನೆತನದ ಹೆಸರು ಒಂದು ತಿಂಗಳಿನ ಹೆಸರು, ನೀನು ಗಮನಿಸಿರಬೇಕು. ಆ ತಿಂಗಳಲ್ಲಿ ಬಂದಿಳಿದವರಿಗೆ ಯಜಮಾನರು ಅದನ್ನೇ ಇಟ್ಟುಬಿಡುತ್ತಿದ್ದರು. ನನ್ನ ಚಿಕ್ಕಮ್ಮನ ಮಗಳು ಹಳೆಯ ದಾಖಲೆ ಹುಡುಕಿದ್ದಾಳೆ. ತಾಯಿಯ ಕಡೆಯ ಪೂರ್ವಜರಲ್ಲಿ ಒಬ್ಬಳು ಸಿಕ್ಕಿದ್ದಾಳೆ. ಒಂದು ಕ್ರಿಶ್ಚಿಯನ್ ಹೆಸರು, ಮುಂದೆ 'ಮಲಬಾರಿನವಳು' ಅಂತ ಇದೆ. ಅಷ್ಟೇ. ಮಲಬಾರ್ ಅಂದರೆ ನಿಮ್ಮ ಕಡೆಯಾ?"

"ನಮ್ಮ ಊರಿಗಿಂತ ಸ್ವಲ್ಪ ಕೆಳಗೆ," ಎಂದೆ. "ಆದರೆ ಆಗಿನವರು ಎಲ್ಲಿಂದ ಎಲ್ಲಿಯವರೆಗೆ ಹಾಗೆ ಕರೆಯುತ್ತಿದ್ದರೋ ನನಗೆ ಗೊತ್ತಿಲ್ಲ."

"ಬರೆದುಕೊಂಡವನಿಗೂ ಗೊತ್ತಿರಲಿಕ್ಕಿಲ್ಲ," ಎಂದರು.

ಅವರ ಜೊತೆ ಮೂರು ವರ್ಷ ಕೆಲಸ ಮಾಡಿದ್ದೆ. ಹೆಸರನ್ನು ದಿನಾ ಇಮೇಲಿನಲ್ಲಿ ಟೈಪ್ ಮಾಡಿದ್ದೆ. ಒಮ್ಮೆಯೂ ಅದರ ಬಗ್ಗೆ ಯೋಚಿಸಿರಲಿಲ್ಲ. ಒಂದು ಬಾಟಲಿ ನೀರು ತೆಗೆದು ಅವರಿಗೆ ಕೊಟ್ಟೆ. ಅವರು ಮುಖಪರದೆ ಎತ್ತಿ, ಮಾಸ್ಕು ಇಳಿಸಿ ಕುಡಿದರು. ಅಷ್ಟರಲ್ಲಿ ಹಡಗು ಕಾಣಿಸಿತು.

ಹತ್ತಿರ ಹೋದಾಗ ಕಪ್ಪು ಗೋಡೆಯಂತೆ ನಿಂತಿತ್ತು. ಕಟಕಟೆಯ ಉದ್ದಕ್ಕೂ ಜನ ಸಾಲಾಗಿ ನಿಂತಿದ್ದರು, ಎಲ್ಲರಿಗೂ ಮಾಸ್ಕು. ಯಾರೂ ಕೂಗಲಿಲ್ಲ, ಕೈ ಎತ್ತಿದರು ಅಷ್ಟೇ. ಕ್ರೇನಿನ ಬಲೆ ಇಳಿಯಿತು. ಮೊದಲ ಎರಡು ಸಲ ನೀರಿನ ಪೆಟ್ಟಿಗೆಗಳು ಸರಾಗವಾಗಿ ಮೇಲೆ ಹೋದವು. ಮೂರನೆಯ ಸಲ ತರಕಾರಿ. ಬಲೆಯ ನಾಲ್ಕು ಮೂಲೆಯ ಬಳೆಗಳನ್ನು ಕೊಕ್ಕೆಗೆ ಸೇರಿಸುವುದು ನನ್ನ ಕೆಲಸವಾಗಿತ್ತು. ನಾನು ಮೂರನ್ನು ಸೇರಿಸಿ ನಾಲ್ಕನೆಯದು ಸೇರಿದೆ ಎಂದುಕೊಂಡು ಕೈ ಎತ್ತಿದೆ. ಬಲೆ ಆಳೆತ್ತರ ಏರುತ್ತಲೇ ಒಂದು ಬದಿ ಬಾಯಿ ಬಿಟ್ಟಿತು. ಎರಡು ಮೂಟೆ ಲಿಂಬೆ, ಒಂದು ಪೆಟ್ಟಿಗೆ ಸೌತೆಕಾಯಿ ಸಮುದ್ರಕ್ಕೆ ಬಿದ್ದವು. ಮೂಟೆ ಒಡೆದು ಲಿಂಬೆಗಳು ಹಡಗಿನ ಪಕ್ಕದಲ್ಲಿ ತೇಲತೊಡಗಿದವು.

ಆರು ದಿನ ಅನುಮತಿಗೆ ಓಡಿದ್ದೂ, ಮೇಲಿನಿಂದ ಅಷ್ಟು ಜನ ನೋಡುತ್ತಿದ್ದದ್ದೂ ಒಟ್ಟಿಗೆ ತಲೆಗೆ ಬಂತು. ಮ್ಯಾನೇಜರು ಬೈಯಲಿಲ್ಲ. ಕೆಳಗಿಳಿದ ಬಲೆಯ ಹತ್ತಿರ ಬಂದು, ನಾಲ್ಕು ಬಳೆಗಳನ್ನೂ ತಾವೇ ಕೊಕ್ಕೆಗೆ ಹಾಕಿ, ಒಂದೊಂದನ್ನೂ ಎಳೆದು ನೋಡಿ, "ಈಗ ಎತ್ತಲು ಹೇಳು," ಎಂದರು. ಮೇಲಿನಿಂದ ತುಳುವಿನಲ್ಲಿ ಒಂದು ಧ್ವನಿ ಬಂತು. "ಬಿಡಿ ಮಾರಾಯ್ರೆ, ಮೀನಿಗೆ ಲಿಂಬೆ ಮೊದ್ಲೇ ಹಿಂಡಿದ ಹಾಗಾಯ್ತು."

ಕಾಕಾ ಅವರನ್ನು ನಾನು ಆಗಲೇ ಮೊದಲು ನೋಡಿದ್ದು. ಬಿಳಿ ಗಡ್ಡ ಮಾಸ್ಕಿನ ಕೆಳಗಿನಿಂದ ಹೊರಬಂದಿತ್ತು. ಸಾಮಾನು ಎಲ್ಲ ಏರಿದ ಮೇಲೆ ಅವರು ಒಳಗೆ ಹೋಗಿ ಉದ್ದಕ್ಕೆ ಸೀಳಿದ ಒಂದು ಎಣ್ಣೆ ಡಬ್ಬಿ ತಂದು ಕಟಕಟೆಯ ಮೇಲೆ ಎತ್ತಿ ತೋರಿಸಿದರು. ಅದರಲ್ಲಿ ಮೆಂತ್ಯದ ಸೊಪ್ಪು ಎರಡು ಬೆರಳೆತ್ತರ ಬೆಳೆದಿತ್ತು. ಅಡುಗೆಮನೆಯ ಕಿಟಕಿಯಲ್ಲಿ ಅಂಥ ಆರು ಡಬ್ಬಿ ಇಟ್ಟಿದ್ದರಂತೆ. ತೊಳೆದ ಅಕ್ಕಿಯ ನೀರನ್ನೇ ಹಾಕಿ ಬೆಳೆಸಿದ್ದು. "ಒಬ್ಬೊಬ್ಬನಿಗೆ ಒಂದು ಚಿಟಿಕೆ ಸಿಗ್ತದೆ. ಆದ್ರೆ ನೋಡ್ಲಿಕ್ಕೆ ಹಸಿರು ಉಂಟಲ್ಲ, ಹುಡುಗರು ಬಂದು ಬಂದು ನೋಡ್ತಾರೆ," ಎಂದು ಮೇಲಿನಿಂದಲೇ ಹೇಳಿದರು. ಕರಿಬೇವಿನ ಕಟ್ಟು ಬಿಚ್ಚಿ ಮೂಗಿಗೆ ಹಿಡಿಯಲು ಹೋಗಿ, ಮಾಸ್ಕು ಅಡ್ಡ ಬಂದು, ಸುತ್ತ ನೋಡಿ ಮಾಸ್ಕು ಕೆಳಗೆ ಜಾರಿಸಿದರು.

ವಾಪಸು ಬರುವಾಗ ಮ್ಯಾನೇಜರು ನಿದ್ದೆ ಮಾಡಿದರು. ನನಗೆ ನಿದ್ದೆ ಬರಲಿಲ್ಲ.

ಮನೆಗೆ ಬಂದು ಸ್ನಾನ ಮಾಡಿ ಮಗಳಿಗೆ ಎಲ್ಲ ಹೇಳಿದೆ. ಅವಳಿಗೆ ಲಿಂಬೆ ಬಿದ್ದದ್ದು ತುಂಬ ಇಷ್ಟವಾಯಿತು. ಉಳಿದದ್ದನ್ನು ಕೇಳಿ, "ನಾನು ಆ ಆಂಟಿಯ ಹತ್ರ ಮಾತಾಡ್ಬಹುದಾ?" ಎಂದಳು. ಮ್ಯಾನೇಜರು ಒಪ್ಪಿದರು. ಶುಕ್ರವಾರ ಬೆಳಿಗ್ಗೆ ಅಲ್ ಗರಾಫಾ ಬಡಾವಣೆಯ ತಮ್ಮ ಮನೆಯಿಂದ ವಿಡಿಯೋದಲ್ಲಿ ಬಂದರು. ಹದಿನೈದು ನಿಮಿಷ ಎಂದದ್ದು ಒಂದು ಗಂಟೆಯಾಯಿತು. ನಾನು ಕೋಣೆಯ ಹೊರಗಿದ್ದೆ. ಬಾಗಿಲ ಸಂದಿಯಿಂದ ಕೇಳಿದ್ದರಲ್ಲಿ ನನಗೆ ನೆನಪಿರುವುದು ಒಂದು. ಮಗಳು, "ನಿಮಗೆ ಅವರ ಮೇಲೆ ಸಿಟ್ಟು ಇದೆಯಾ?" ಎಂದು ಕೇಳಿದಳು. ಅವರು, "ನನ್ನೊಳಗೆ ಅವರ ರಕ್ತವೂ ಇದೆ ಮಗು. ಸಿಟ್ಟನ್ನು ಯಾವ ಕಡೆಗೆ ತಿರುಗಿಸುವುದು ಎಂದು ಗೊತ್ತಾಗದೆ ಕೆಲಸ ಮಾಡುತ್ತೇನೆ," ಎಂದರು.

ಮಗಳು ಪ್ರಾಜೆಕ್ಟಿಗೆ ಇನ್ನೂ ಎರಡು ಪುಟ ಸೇರಿಸಿದಳು. ದನದ ಜನ, ಬೇಲಿ, ತಿಂಗಳ ಹೆಸರು ಎಲ್ಲ ಬಂತು. ಇಪ್ಪತ್ತಕ್ಕೆ ಹದಿನಾಲ್ಕು ಅಂಕ ಸಿಕ್ಕಿತು. ಕೊನೆಯ ಎರಡು ಪುಟಗಳ ಪಕ್ಕದಲ್ಲಿ ಟೀಚರು, ಪ್ರಶ್ನೆ ಇದ್ದದ್ದು ಅವರು ಯಾಕೆ ಬಂದರು ಎಂದು ಮಾತ್ರ, ಬಂದ ಮೇಲೆ ಏನಾಯಿತು ಎಂದಲ್ಲ, ಎಂಬರ್ಥದಲ್ಲಿ ಬರೆದಿದ್ದರು. ಮಗಳು ಒಂದು ದಿನ ಊಟ ಬಿಟ್ಟಳು. ಗೋವಾ ಬರೆದವಳಿಗೆ ಹತ್ತೊಂಬತ್ತು ಬಂದಿತ್ತು.

ನಾನು ಟೀಚರಿಗೆ ಫೋನ್ ಮಾಡಬೇಕೆಂದಿದ್ದೆ. ಮೊದಲು ಮ್ಯಾನೇಜರಿಗೆ ಹೇಳಿದೆ. "ಟೀಚರ್ ಹೇಳಿದ್ದರಲ್ಲಿ ತಪ್ಪಿಲ್ಲ," ಎಂದರು ಅವರು. "ಪ್ರಶ್ನೆ ಅಷ್ಟೇ ಇತ್ತು. ನಿನ್ನ ಮಗಳು ಎರಡು ಪ್ರಶ್ನೆಗೆ ಉತ್ತರ ಬರೆದಿದ್ದಾಳೆ. ಆ ಪುಟಗಳನ್ನು ಎಸೆಯಬೇಡ ಅಂತ ಹೇಳು." ನಾನು ಫೋನ್ ಮಾಡಲಿಲ್ಲ.

ಆ ವಾರವೇ ಒಂದು ಸಂಜೆ ಚಹಾ ಕುಡಿಯುವಾಗ ಮಗಳು ಇನ್ನೊಂದು ಪ್ರಶ್ನೆ ಕೇಳಿದಳು. "ಪಪ್ಪ, ನಾವೂ ದೂರದಿಂದ ಬಂದು ಇಲ್ಲಿ ಹಡಗಿಗೆ ಫುಡ್ ಕೊಡ್ತೇವೆ. ನಾವು ಯಾಕೆ ಕಾಲನೈಸ್ ಮಾಡ್ಲಿಲ್ಲ?"

"ವೀಸಾ ರಿನ್ಯೂ ಮಾಡ್ಲಿಕ್ಕೇ ಪುರುಸೊತ್ತು ಆಗ್ಲಿಲ್ಲ," ಎಂದಳು ಹೆಂಡತಿ.

ಮೂವರೂ ನಕ್ಕೆವು. ಆದರೆ ಮಗಳು ಉತ್ತರಕ್ಕೆ ಕಾಯುತ್ತಿದ್ದಳು. ನಾನು ಹೇಳಿದೆ, "ನಾವು ಕೇಳಿ ಬಂದವರು. ಒಬ್ಬರು ಕೆಲಸ ಕೊಟ್ಟರು, ಬಂದೆವು. ಸಾಕು ಅಂದ ದಿನ ಹೋಗ್ತೇವೆ. ಅವರು ಫಿರಂಗಿ ತಂದವರು." ಸ್ವಲ್ಪ ಯೋಚಿಸಿ ಇಷ್ಟನ್ನೂ ಸೇರಿಸಿದೆ, "ಅವರೂ ಮೊದಲ ದಿನ ಊರು ಹಿಡಿಯುತ್ತೇವೆ ಅಂತ ಬಂದದ್ದಲ್ಲ ಅಂತ ಕಾಣ್ತದೆ. ಸೊಪ್ಪು ಬೆಳೆಯುತ್ತೇವೆ ಅಂತಲೇ ಬಂದದ್ದು. ಹಡಗು ಹೆಚ್ಚಾದ ಹಾಗೆ ಜಾಗ ಸಾಕಾಗ್ಲಿಲ್ಲ." ಈ ಉತ್ತರ ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಇತಿಹಾಸ ಓದಿದವನಲ್ಲ ನಾನು. ಒಂದು ಹಡಗಿನ ಹಸಿವು ಎಷ್ಟು ದೊಡ್ಡದು ಎನ್ನುವುದು ಮಾತ್ರ ಗೊತ್ತು. ಅದನ್ನು ತುಂಬಿಸುವವನು ಇನ್ನೊಬ್ಬರನ್ನು ಕೇಳುವ ಬದಲು ತಾನೇ ತೆಗೆದುಕೊಳ್ಳಲು ಹೊರಟರೆ ಎಲ್ಲಿಗೆ ಮುಟ್ಟುತ್ತದೆ ಎನ್ನುವುದು ಊಹೆಗೆ ಸಿಗುತ್ತದೆ.

ಜಲ್ಲಿಕಲ್ಲಿನ ಹಡಗು ಇನ್ನೂ ಹನ್ನೊಂದು ದಿನ ನಿಂತು ಸರಕು ಇಳಿಸಿ ಹೋಯಿತು. ಜ್ವರ ಬಂದವನು ಗುಣವಾದ. ಮರುವರ್ಷ, ನಾವಿಕರಿಗೆ ದಡಕ್ಕೆ ಇಳಿಯಲು ಮತ್ತೆ ಬಿಡತೊಡಗಿದಾಗ, ಕಾಕಾ ಬೇರೊಂದು ಹಡಗಿನಲ್ಲಿ ದೋಹಾಕ್ಕೆ ಬಂದರು. ನಾಲ್ಕು ಗಂಟೆಯ ಬಿಡುವು. ನಾನು ಕಾರಿನಲ್ಲಿ ಕರೆದುಕೊಂಡು ಬಂದೆ. ನಮ್ಮ ಬೀದಿಯ ಮಂಗಳೂರು ಹೋಟೆಲಿನಲ್ಲಿ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಮ್ಯಾನೇಜರನ್ನೂ ಕರೆದಿದ್ದೆ. ಕಾಕಾ ಆಕೆಯನ್ನು ನೋಡಿದೊಡನೆ ಎದ್ದು ನಿಂತು ಎದೆಗೆ ಕೈ ಇಟ್ಟುಕೊಂಡರು. ಆಕೆಗೆ ಕಾರ ಹೆಚ್ಚಾಗಿ ಕಣ್ಣಲ್ಲಿ ನೀರು ಬಂತು, ಆದರೂ ಬಡಿಸಿದ್ದನ್ನು ಬಿಡಲಿಲ್ಲ.

ಊಟದ ನಡುವೆ ಆಕೆ ಯಾವ ಊರಿನವರೆಂದು ನಾನು ಹೇಳಿದಾಗ ಕಾಕಾ ಕೈ ನಿಲ್ಲಿಸಿದರು. "ಕೇಪ್ ಟೌನಾ? ನಾನು ಅದರ ಮುಂದೆ ಎಷ್ಟು ಸಲ ಹೋಗಿದ್ದೇನೆ," ಎಂದರು. ಅವರು ಪ್ರಾಯದಲ್ಲಿ ದೊಡ್ಡ ಎಣ್ಣೆ ಹಡಗುಗಳಲ್ಲಿ ಇದ್ದವರು. ಆ ಹಡಗುಗಳು ಆಫ್ರಿಕಾ ಸುತ್ತಿ ಹೋಗುತ್ತಿದ್ದವು. ಕೇಪ್ ಬಂದಾಗ ನಿಲ್ಲದೆ ನಿಧಾನ ಮಾಡುತ್ತಿದ್ದರಂತೆ. ದಡದಿಂದ ಸಣ್ಣ ಬೋಟು ಬಂದು ಕಾಗದ, ತರಕಾರಿ ಕೊಟ್ಟು ಹೋಗುತ್ತಿತ್ತು.

"ಮೇಲೆ ಚಪ್ಪಟೆ ಬೆಟ್ಟ, ಅದರ ಮೇಲೆ ಮೋಡ. ಅಷ್ಟೇ ಕಂಡದ್ದು. ಆ ಊರಿನ ಕೋಸು ತಿಂದಿದ್ದೇನೆ, ದ್ರಾಕ್ಷಿ ತಿಂದಿದ್ದೇನೆ. ಊರಿಗೆ ಕಾಲಿಟ್ಟಿಲ್ಲ. ಆಗ ನಮ್ಮ ಬಣ್ಣದವರು ಅಲ್ಲಿ ಇಳಿದರೂ ಎಲ್ಲ ಕಡೆ ಹೋಗ್ಲಿಕ್ಕೆ ಬಿಡುವುದಿಲ್ಲ ಅಂತ ಹಿರಿಯರು ಹೇಳ್ತಿದ್ರು."

ನಾನು ಇದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಮ್ಯಾನೇಜರು ಬಾಯಿ ಒರೆಸಿಕೊಂಡರು. "ಅವರಿಗೆ ಹೇಳು. ಆಗ ನಾನು ಆ ಬೆಟ್ಟದ ಕೆಳಗೇ ಶಾಲೆಗೆ ಹೋಗುತ್ತಿದ್ದೆ. ನಮಗೂ ಎಲ್ಲ ಕಡೆ ಹೋಗಲು ಬಿಡುತ್ತಿರಲಿಲ್ಲ. ಸಮುದ್ರದಲ್ಲಿ ಈಜಲು ಕೂಡ ಬೇರೆ ಬೇರೆ ದಂಡೆ."

ಹೇಳಿದೆ. ಕಾಕಾ ಬಹಳ ಹೊತ್ತು ತಲೆ ಆಡಿಸಿದರು. ಆಮೇಲೆ ತಮ್ಮ ತಟ್ಟೆಯ ಪಕ್ಕದಲ್ಲಿದ್ದ ಕರಿದ ಬಂಗುಡೆಯ ದೊಡ್ಡ ತುಂಡನ್ನು ಎತ್ತಿ ಆಕೆಯ ತಟ್ಟೆಗೆ ಹಾಕಿದರು. "ಇದರಲ್ಲಿ ಕಾರ ಕಡಿಮೆ ಉಂಟು," ಎಂದರು, ಭಾಷೆಯ ಪರಿವೆ ಇಲ್ಲದೆ. ಆಕೆಗೆ ಅರ್ಥವಾಯಿತು.

ಕಾಕಾ ಈಗ ನಿವೃತ್ತರಾಗಿ ಉಳ್ಳಾಲದಲ್ಲಿದ್ದಾರೆ. ಮೊಣಕಾಲು ನೋವು ಬಿಟ್ಟರೆ ಆರಾಮ. ಮ್ಯಾನೇಜರು ಒಪ್ಪಂದ ಮುಗಿದ ಮೇಲೆ ಊರಿಗೆ ಮರಳಿ, ಅಲ್ಲಿಯ ಬಂದರಿನಲ್ಲಿ ಇದೇ ಥರದ ಒಂದು ಕಂಪನಿ ಸೇರಿದ್ದಾರೆ. ಮಗಳು ಮಂಗಳೂರಿನಲ್ಲಿ ಕಾಲೇಜು ಓದುತ್ತಿದ್ದಾಳೆ, ವಿಷಯ ಇತಿಹಾಸವಲ್ಲ, ಲೆಕ್ಕಶಾಸ್ತ್ರ.

ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಇಲ್ಲಿಂದ ಯುರೋಪಿಗೆ ಹೋಗುವ ಗ್ಯಾಸ್ ಹಡಗುಗಳು ಸುಯೆಜ್ ಬಿಟ್ಟು ಆಫ್ರಿಕಾ ಸುತ್ತಿ ಹೋಗತೊಡಗಿದವು. ಪ್ರಯಾಣ ಉದ್ದವಾಯಿತು, ನಮ್ಮ ಪಟ್ಟಿಗಳೂ ಉದ್ದವಾದವು. ಒಂದು ಬೆಳಿಗ್ಗೆ ಮಾರುಕಟ್ಟೆಯಲ್ಲಿದ್ದಾಗ ಕೇಪ್ ಟೌನಿನಿಂದ ಮ್ಯಾನೇಜರ ಸಂದೇಶ ಬಂತು. ನಿಮ್ಮ ಕಡೆಯ ಹಡಗುಗಳೆಲ್ಲ ಇತ್ತ ಬರುತ್ತಿವೆ, ನಮಗೆ ಕೈ ಬಿಡುವಿಲ್ಲ, ಭಾರತದ ನಾವಿಕರೆಲ್ಲ ಹಸಿಮೆಣಸು ಕೇಳುತ್ತಾರೆ, ಅದು ಒಂದೇ ವಾರದಲ್ಲಿ ಹಾಳಾಗುತ್ತಿದೆ, ನೀನು ಹೇಗೆ ಕಟ್ಟಿ ಕೊಡುತ್ತಿದ್ದೆ ಎಂದು ಕೇಳಿದ್ದರು. ತೊಟ್ಟು ತೆಗೆಯಬೇಕು, ತೊಳೆಯಬಾರದು, ಕಾಗದದಲ್ಲಿ ಸುತ್ತಿ ಗಾಳಿಯಾಡುವ ಪೆಟ್ಟಿಗೆಯಲ್ಲಿ ಇಡಬೇಕು ಎಂದು ಬರೆದು ಕಳಿಸಿದೆ. ಒಂದು ತಿಂಗಳ ನಂತರ, ಇಪ್ಪತ್ತು ದಿನ ಉಳಿಯಿತು ಎಂದು ಉತ್ತರ ಬಂತು.